ನೀರು ಹಾಕ್ರಿ, ಅಷ್ಟೇ

ನಮ್ಮ ಅತ್ತೆಯ ಬಲಗೈ ತೋರುಬೆರಳಿನ ಉಗುರಿನ ಸಂದಿಯಲ್ಲಿ ಯಾವಾಗಲೂ ಒಂದು ಗೆರೆ ಸುಣ್ಣ ಇರುತ್ತಿತ್ತು. ಎಲೆಯಡಿಕೆ ಹಾಕುವವರ ಬೆರಳೇ ಹೀಗಲ್ಲವೇ ಎಂದು, ಆಗಷ್ಟೇ ಮದುವೆಯಾಗಿ ಬಂದ ನಾನು ಅಂದುಕೊಂಡಿದ್ದೆ. ಆಮೇಲೆ ನೋಡಿದರೆ ಅವರು ಎಲೆಯನ್ನು ಬಾಯಿಗೆ ಮುಟ್ಟಿಸುವವರೇ ಅಲ್ಲ. ಅದು ಸುಟ್ಟ ಗಾಯಕ್ಕೆ ಅವರು ಮಾಡುತ್ತಿದ್ದ ಮದ್ದಿನ ಸುಣ್ಣ. ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ.

ಆಂಧ್ರದ ಗಡಿಯ ಆದೋನಿಯಲ್ಲಿ, ಹತ್ತಿ ಮಾರ್ಕೆಟ್ಟಿನ ಹಿಂದಿನ ನಮ್ಮ ಓಣಿಯಲ್ಲಿ ಯಾರ ಮನೆಯಲ್ಲಿ ಯಾರು ಸುಟ್ಟುಕೊಂಡರೂ ಮೊದಲು ಓಡಿ ಬರುತ್ತಿದ್ದದ್ದು ನಮ್ಮ ಬಾಗಿಲಿಗೆ. ಬಾಣಲೆಯ ಎಣ್ಣೆ ಸಿಡಿದವರು, ಇಸ್ತ್ರಿಪೆಟ್ಟಿಗೆ ತಾಗಿಸಿಕೊಂಡವರು, ಬೈಕಿನ ಸೈಲೆನ್ಸರಿಗೆ ಮೀನಖಂಡ ಒತ್ತಿಸಿಕೊಂಡವರು ಎಲ್ಲರೂ ಬರುತ್ತಿದ್ದರು. ಅತ್ತೆ ದೊಡ್ಡ ಆಳು. ಹಣೆ ತುಂಬ ವಿಭೂತಿ, ಗಂಟಲೋ ದೇವಸ್ಥಾನದ ಮೈಕು. ಅತ್ತುಕೊಂಡು ಬಂದವರನ್ನು "ಏ ಸುಮ್ನಿರು, ಸಾಯಲ್ಲ ನೀ" ಎಂದು ಗದರಿಸಿ ಕಟ್ಟೆಯ ಮೇಲೆ ಕೂರಿಸುತ್ತಿದ್ದರು. ಸುಣ್ಣ ನೆನೆಹಾಕಿ, ಮೇಲೆ ನಿಂತ ತಿಳಿಯನ್ನು ಬಸಿದು, ಅದಕ್ಕೆ ಕುಸುಬಿ ಎಣ್ಣೆ ಸೇರಿಸಿ ಕಂಚಿನ ಬಟ್ಟಲಲ್ಲಿ ಒಂದೇ ಬೆರಳಿನಿಂದ ಗರಗರ ತಿರುವುತ್ತಿದ್ದರು. ಅದು ಬೆಣ್ಣೆಯ ಹಾಗೆ ಬೆಳ್ಳಗೆ ಗಟ್ಟಿಯಾಗುತ್ತಿತ್ತು. ಅದನ್ನು ಗಾಯಕ್ಕೆ ಬಳಿಯುತ್ತ "ಉಫ್... ಹೋತು, ಹೋತು, ಉರಿ ಹೋತು" ಎಂದು ಊದುತ್ತಿದ್ದರು.

ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಬಹುಶಃ ಬಾಯಿ ಮುಚ್ಚಿಕೊಂಡೇ ಇರುತ್ತಿದ್ದೆ. ಆದರೆ ಅದರ ಮೇಲೆ ಹತ್ತಿ ಮೆತ್ತುತ್ತಿದ್ದರು. ಅದು ಗಾಯಕ್ಕೆ ಅಂಟಿಕೊಂಡು, ಬಿಚ್ಚುವಾಗ ಚರ್ಮವನ್ನೂ ಕಿತ್ತುಕೊಂಡು ಬರುತ್ತಿತ್ತು. ನಮ್ಮದು ಹತ್ತಿ ವ್ಯಾಪಾರದ ಮನೆ. ಮಾವ ಇದ್ದಾಗ ಮಾವ, ಈಗ ನಮ್ಮ ಮನೆಯವರು, ಮಾರ್ಕೆಟ್ ಯಾರ್ಡಿನಿಂದ ಬರುವಾಗ ಜೇಬಿನಲ್ಲಿ ಸ್ಯಾಂಪಲ್ ಹತ್ತಿ ತರುತ್ತಾರೆ. ಅತ್ತೆ ಅದರಲ್ಲಿ ಒಂದು ಚೂರನ್ನು ಎರಡು ಹೆಬ್ಬೆರಳುಗಳ ನಡುವೆ ಹಿಡಿದು ಎಳೆದು, ಎಳೆ ಎಷ್ಟು ಉದ್ದ ಎಂದು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಎಲ್ಲಕ್ಕಿಂತ ಉದ್ದ ಎಳೆಯದ್ದು, ಎಲ್ಲಕ್ಕಿಂತ ಬೆಳ್ಳಗಿನದು, ಒಂದು ಡಬ್ಬಿಗೆ ಹೋಗುತ್ತಿತ್ತು. ಆ ಡಬ್ಬಿ ಇರುತ್ತಿದ್ದದ್ದು ದೇವರ ಜಗುಲಿಯ ಮೇಲೆ. ದಿಂಬಿಗೆ, ದೀಪದ ಬತ್ತಿಗೆ ಸಾಧಾರಣ ಹತ್ತಿ; ಓಣಿಯವರ ಸುಟ್ಟ ಚರ್ಮಕ್ಕೆ ಮಾತ್ರ ಮೊದಲ ದರ್ಜೆಯದ್ದು. ಊರಿಗೆ ಊರೇ ಹತ್ತಿಯ ಅನ್ನ ತಿನ್ನುವಾಗ ಹತ್ತಿ ಕೆಟ್ಟದ್ದು ಮಾಡೀತು ಎಂದು ಯಾರಿಗೆ ತಾನೇ ಹೊಳೆಯಬೇಕು?

ನನಗೆ ಹೊಳೆದಿತ್ತು. ನಾನು ಗೋನೆಗಂಡ್ಲದವಳು. ಚಿಕ್ಕವಳಿದ್ದಾಗ ಕುದಿಯುವ ಗಂಜಿ ತೊಡೆಯ ಮೇಲೆ ಚೆಲ್ಲಿಕೊಂಡಿದ್ದೆ. ನಮ್ಮಜ್ಜಿ ಮೊದಲು ಇಂಕು ಸುರಿದಳು, ಪಕ್ಕದ ಮನೆಯವಳು ತುಪ್ಪ ಬಳಿದಳು, ಇನ್ಯಾರೋ ಬಂದು ಬೂದಿ ಉದುರಿಸಿದರು. ಕೀವು ತುಂಬಿ ಜ್ವರ ಬಂದ ಮೇಲೆ ಎಮ್ಮಿಗನೂರಿನ ಡಾಕ್ಟರಮ್ಮನ ಹತ್ತಿರ ಹೊತ್ತುಕೊಂಡು ಹೋದರು. ಆಕೆ ನಮ್ಮಪ್ಪನಿಗೆ ಎಲ್ಲರೆದುರೇ ಬೈದಳು. "ನೀಳ್ಳು ಪೊಯ್ಯಂಡಿ, ಅಂತೇ! ಇಂಕೇಮೀ ಪೂಯೊದ್ದು!" ನೀರು ಹಾಕಿ ಅಷ್ಟೇ, ಬೇರೆ ಏನೂ ಬಳಿಯಬೇಡಿ ಎಂದು. ತೊಡೆಯ ಮೇಲಿನ ಕಲೆ ಇವತ್ತಿಗೂ ಸುಟ್ಟ ಹಪ್ಪಳದ ಹಾಗಿದೆ. ಆ ತೆಲುಗು ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಮುಂದೆ ಇಂಟರಿನಲ್ಲಿ ಬೈಪಿಸಿ, ಅಂದರೆ ಕಪ್ಪೆ ಕೊಯ್ಯುವ ಓದು ಓದಿದೆ. ಡಾಕ್ಟರ್ ಆಗಲಿಲ್ಲ, ಸೊಸೆಯಾದೆ. ಅಹಂಕಾರ ಮಾತ್ರ ಡಾಕ್ಟರಿನಷ್ಟೇ ಉಳಿಯಿತು.

ನನ್ನ ಗೊಣಗಾಟ ಅತ್ತೆಗೆ ತಮಾಷೆ. ಬಂದವರೆದುರು ನನ್ನನ್ನು ತೋರಿಸಿ, "ನಮ್ಮ ಸೊಸಿ ಅರ್ಧ ಡಾಕ್ಟರಮ್ಮ ಅದಾಳ. ಸುಟ್ರ ನಳದ ಕೆಳಗ ಕೈ ಇಟ್ಕಂಡು ಇಪ್ಪತ್ತು ನಿಮಿಷ ನಿಂದ್ರಬೇಕಂತ. ಯವ್ವಾ, ನಮ್ಮ ಆದೋನ್ಯಾಗ ನಳ ಬರಾದೇ ಮೂರ್ನಾಕು ದಿನಕ್ಕೊಮ್ಮೆ! ಸುಟ್ಕಂಡಾವ್ರು ನಳ ಬರಾತನ ಕಾಯ್ಬೇಕೇನು?" ಎಂದು ನಗುತ್ತಿದ್ದರು. ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ, ಒಳಗೆ ಕುದಿಯುತ್ತಿದ್ದೆ. ನೀರು ಬಿದ್ದರೆ ಬೊಬ್ಬೆ ಏಳುತ್ತದೆ ಎಂಬುದು ಅವರ ಗಟ್ಟಿ ನಂಬಿಕೆ. ನಾನು ಇಲ್ಲ ಎಂದರೆ, "ನೀ ಹುಟ್ಟಾಕಿಂತ ಮೊದ್ಲಿಂದ ಹಚ್ಚಾಕತ್ತೀನಿ" ಎಂದು ಮಾತು ಮುಗಿಸುತ್ತಿದ್ದರು.

ಹಾಗೆಂದು ನಮ್ಮದು ಹಾವು ಮುಂಗುಸಿಯ ಸಂಬಂಧವಲ್ಲ. ನಾನು ಬಸುರಿಯಿದ್ದಾಗ ಬೆಳಿಗ್ಗೆ ಒಗ್ಗಾಣಿ ಬಜ್ಜಿ, ಅಂದರೆ ಒಗ್ಗರಣೆಯ ಮಂಡಕ್ಕಿಯೂ ಮೆಣಸಿನಕಾಯಿ ಬಜ್ಜಿಯೂ ಬಿಟ್ಟು ಬೇರೇನೂ ಸೇರುತ್ತಿರಲಿಲ್ಲ. ಎಣ್ಣೆ ಪದಾರ್ಥ ಬೇಡ ಎಂದು ನಮ್ಮ ಮನೆಯವರು ಹೇಳಿದರೆ ಅತ್ತೆ ಸೆರಗಿನಡಿ ಮುಚ್ಚಿಕೊಂಡು ತಂದುಕೊಡುತ್ತಿದ್ದರು. ಓಣಿಯ ತುದಿಯಲ್ಲಿ ಒಗ್ಗಾಣಿ ಬಜ್ಜಿಯ ಅಂಗಡಿ ಇಟ್ಟಿರುವ ಅಕ್ಕ ಅವರಿಗೆ ಬಹಳ ಬೇಕಾದವಳು. ನಾವೆಲ್ಲ ಬಜ್ಜಿ ಅಕ್ಕ ಎಂದೇ ಕರೆಯುವುದು. ಮಗಳು ಹುಟ್ಟಿದ ಮೇಲಂತೂ ಅತ್ತೆ ನನ್ನನ್ನು ನೆಲಕ್ಕೆ ಕಾಲಿಡಗೊಡಲಿಲ್ಲ. ಇದನ್ನೆಲ್ಲ ಈಗ ಯಾಕೆ ಹೇಳುತ್ತಿದ್ದೇನೆಂದರೆ, ಮುಂದೆ ಹೇಳುವುದನ್ನು ಕೇಳಿ ಅವರು ಕೆಟ್ಟ ಅತ್ತೆಯಾಗಿದ್ದರು, ಅದಕ್ಕೆ ಹೀಗಾಯಿತು ಎಂದು ಯಾರೂ ನನ್ನ ಪಕ್ಷ ವಹಿಸಬಾರದು.

ಮಗಳಿಗೆ ಐದು ತುಂಬಿದ ವರ್ಷದ ಯುಗಾದಿ. ನಾದಿನಿ, ಅಂದರೆ ಅತ್ತೆಯ ಮಗಳು, ಪೆದ್ದಕಡುಬೂರಿನಿಂದ ತನ್ನ ಅತ್ತೆ ಮಾವನನ್ನು ಕರೆದುಕೊಂಡು ಬಂದಿದ್ದಳು. ಬೀಗರು ಮನೆಗೆ ಬಂದಿದ್ದಾರೆಂದರೆ ಕೇಳಬೇಕೆ, ಅತ್ತೆಯ ಸಂಭ್ರಮ ಅಡುಗೆಮನೆ ಹಿಡಿಯದಷ್ಟು. ಹೋಳಿಗೆಗೆ ಬೇಳೆ ಬೇಯಿಸಿ ಕಟ್ಟು ಬಸಿದು ಪಾತ್ರೆಯನ್ನು ಕೆಳಗಿಟ್ಟಿದ್ದೆ. ಮಗಳು ಓಡಿಬಂದು ಎಡವಿದಳು. ಹಬೆಯಾಡುವ ಕಟ್ಟು ಮೊಳಕೈಯಿಂದ ಬೆರಳತನಕ ಬಿತ್ತು. ಆ ಕಿರುಚಾಟ ಈಗಲೂ ಕಿವಿಯಲ್ಲಿದೆ.

ನಾನು ಒಲೆ ಆರಿಸಿ ತಿರುಗುವಷ್ಟರಲ್ಲಿ ಅತ್ತೆ ಬಂದೇಬಿಟ್ಟಿದ್ದರು. ಕೈಯಲ್ಲಿ ಮೊದಲೇ ತಿರುವಿಟ್ಟಿದ್ದ ಮದ್ದಿನ ಬಟ್ಟಲು, ಕಂಕುಳಲ್ಲಿ ಹತ್ತಿಯ ಡಬ್ಬಿ, ಕಣ್ಣ ತುಂಬ ನೀರು. "ಯವ್ವಾ ನನ್ನ ಕೂಸೇ, ಬಾರವ, ಬಾ" ಎಂದು ಮಗುವಿನ ಕೈ ಹಿಡಿದು ಬಿಳಿ ಮದ್ದಿನ ಬೆರಳನ್ನು ಹತ್ತಿರ ತಂದರು. ನನ್ನ ತಲೆಯಲ್ಲಿ ಏನೋ ಕಡಿದುಹೋಯಿತು. ಅವರ ಕೈಯನ್ನು ಬಲವಾಗಿ ತಳ್ಳಿದೆ. ಬಟ್ಟಲು ಗೋಡೆಗೆ ಬಡಿದು ಠಣ್ ಎಂದು ಪಡಸಾಲೆಯವರೆಗೂ ಉರುಳಿತು.

"ಮುಟ್ಟಬ್ಯಾಡ್ರಿ!" ಎಂದು ಚೀರಿದೆ. "ನಿಮ್ಮ ಹತ್ತೀಲೆ ಓಣ್ಯಾಗಿನ ಮಂದಿ ಚರ್ಮ ಕಿತ್ತಿದ್ದು ಸಾಕಾಗಿಲ್ಲೇನು? ನನ್ನ ಮಗಳ ಕೈನೂ ಬೇಕೇನು ನಿಮಗ? ನೀರು ಹಾಕ್ರಿ ಅಂದ್ರ ನೀರು ಹಾಕ್ರಿ, ಅಷ್ಟೇ!"

ಪಡಸಾಲೆಯಲ್ಲಿ ಕೂತಿದ್ದ ಬೀಗ್ತಿ ಎದ್ದು ನಿಂತರು. ನಾದಿನಿ ಬಾಯಿಗೆ ಕೈ ಅಡ್ಡ ಹಿಡಿದಳು. ನಾನು ಯಾರ ಮುಖವನ್ನೂ ನೋಡಲಿಲ್ಲ. ಮಗಳನ್ನು ಬಚ್ಚಲಿಗೆ ಎತ್ತಿಕೊಂಡು ಹೋಗಿ ಡ್ರಮ್ಮಿನ ನೀರನ್ನು ಕೈಮೇಲೆ ಸುರಿಯುತ್ತಲೇ ಇದ್ದೆ. ಡ್ರಮ್ಮು ತಳ ಕಂಡಾಗ ಕುಡಿಯುವ ನೀರಿನ ಕ್ಯಾನನ್ನೂ ಬಗ್ಗಿಸಿದೆ. ಆಮೇಲೆ ಒಗೆದ ಪಂಚೆಯ ತುಂಡು ಮುಚ್ಚಿ ಆಸ್ಪತ್ರೆಗೆ ಓಡಿದೆವು. ವಾಪಸು ಬಂದಾಗ ಅತ್ತೆ ಮಂಡಿಯೂರಿ ಕೂತು ನೆಲಕ್ಕೆ ಬಿದ್ದ ಸುಣ್ಣದ ಜಿಡ್ಡನ್ನು ಬಟ್ಟೆಯಿಂದ ಒರೆಸುತ್ತಿದ್ದರು. ಬೀಗರು ಊಟ ಮಾಡದೆ ಹೊರಟುಹೋಗಿದ್ದರು.

ಮಗಳ ಕೈ ಪೂರಾ ವಾಸಿಯಾಯಿತು. ಒಂದು ಕಲೆಯೂ ಉಳಿಯಲಿಲ್ಲ. ನಾನು ಸುಮ್ಮನಿದ್ದೆನೇ? ಮನೆಗೆ ಬಂದವರಿಗೆಲ್ಲ ಆ ಕೈ ಎತ್ತಿ, "ನೋಡ್ರಿ, ಎಲ್ಲೆರ ಕಲೆ ಐತೇನು? ಬರೀ ನೀರು!" ಎಂದು ತೋರಿಸುತ್ತಿದ್ದೆ. ಅತ್ತೆ ಪಕ್ಕದಲ್ಲೇ ಕೂತು ಅವರೆಕಾಯಿ ಸುಲಿಯುತ್ತಿರುವಾಗ ಹೆಚ್ಚು ಜೋರಾಗಿ ಹೇಳುತ್ತಿದ್ದೆ. ನಾನು ಹೇಳಿದ್ದು ಸರಿ ತಾನೇ? ಸರಿಯಿತ್ತು. ಈಗಲೂ ಸರಿಯೇ. ಇದಕ್ಕೇ ನನಗೆ ನನ್ನ ಮೇಲೆ ಸಿಟ್ಟು.

ಅತ್ತೆ ಮದ್ದು ಮಾಡುವುದನ್ನು ನಿಲ್ಲಿಸಿಬಿಟ್ಟರು. ನನ್ನ ಮೇಲೆ ಮುನಿಸಿಕೊಂಡಿದ್ದರೆ ಚೆನ್ನಾಗಿತ್ತು. ಮುನಿಸಿಲ್ಲ, ಕೊಂಕಿಲ್ಲ. ಕಂಚಿನ ಬಟ್ಟಲಿಗೆ ಉಪ್ಪು ಬಂತು. ಸ್ಯಾಂಪಲ್ ಹತ್ತಿ ಬಂದರೆ ಎಳೆದು ನೋಡುವುದಿಲ್ಲ, ಹಾಗೇ ದಿಂಬಿನ ಚೀಲಕ್ಕೆ ತುರುಕುತ್ತಾರೆ. ಯಾರಾದರೂ ಸುಟ್ಟ ಕೈ ಹಿಡಿದುಕೊಂಡು ಬಂದರೆ ಬಾಗಿಲಲ್ಲೇ ನಿಂತು, "ನೀರು ಹಾಕ್ರಿ, ಅಷ್ಟೇ. ಬ್ಯಾರೆ ಏನೂ ಹಚ್ಚಬ್ಯಾಡ್ರಿ. ನಮ್ಮ ಸೊಸಿ ಓದಿದಾಕಿ, ಆಕಿಗೆ ಗೊತ್ತೈತಿ" ಎಂದು ಕಳಿಸುತ್ತಿದ್ದರು. ಅದೇ ಗಂಟಲು, ಆದರೆ ಸದ್ದು ಕಮ್ಮಿ. ನಾನು ಒಳಗೆ ನಿಂತು ಕೇಳಿ ಉಬ್ಬುತ್ತಿದ್ದೆ. ಹೊರಗೆ ಬಂದು, ನೀರು ಹಾಕಿದ ಮೇಲೆ ಬಟ್ಟೆ ಮುಚ್ಚಬೇಕು, ದೊಡ್ಡ ಗಾಯವಾದರೆ ಡಾಕ್ಟರಿಗೆ ತೋರಿಸಬೇಕು, ಸಕ್ಕರೆ ಕಾಯಿಲೆಯವರಾದರೆ ಚಿಕ್ಕದನ್ನೂ ಬಿಡಬಾರದು ಎಂದು ಒಂದು ದಿನವೂ ಹೇಳಲಿಲ್ಲ. ಗೆದ್ದವಳಿಗೆ ಅಷ್ಟು ವಿವರ ಯಾಕೆ ಬೇಕು?

ಒಂದು ಮಧ್ಯಾಹ್ನ ನಾನು ಒಣಗಿದ ಬಟ್ಟೆ ಮಡಿಸುತ್ತಿದ್ದೆ. ಅತ್ತೆ ಬಂದು ಪಕ್ಕದಲ್ಲಿ ಕೂತರು. ಸ್ವಲ್ಪ ಹೊತ್ತು ತಾವೂ ಒಂದು ಟವೆಲ್ ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು.

"ಒಂದು ಮಾತು ಕೇಳ್ಲೇನವ?"

"ಕೇಳ್ರಿ."

"ಬಜ್ಜಿ ಅಕ್ಕನ ಎಡಗೈ ಬೆರಳು ಎರಡು ಕೂಡ್ಕಂಡಾವಲ್ಲ. ಕಿರಿಬೆರಳು, ಅದರ ಬಾಜೂದು. ಕಾದ ಎಣ್ಣಿ ಬಿದ್ದಾಗ ನಾನಽ ಹಚ್ಚಿದ್ದೆ. ಎರಡೂ ಕೂಡಿಸಿ ಹತ್ತಿ ಸುತ್ತಿದ್ದೆ. ಬಿಚ್ಚೋವತ್ತಿಗೆ ಅಂಟಿಕೊಂಡಿದ್ವು. ಅದು... ನನ್ನ ಹತ್ತೀಲೇ ಆತೇನು?"

ಇಂಥ ಪ್ರಶ್ನೆ ಕೇಳಲು ಆ ಹೆಂಗಸಿಗೆ ಎಷ್ಟು ಧೈರ್ಯ ಬೇಕಾಗಿತ್ತೋ. ಎಷ್ಟು ದಿನ ಒಳಗೊಳಗೇ ತಿರುವಿದ್ದರೋ. ನಾನು ಕೈಯಲ್ಲಿದ್ದ ಲಂಗವನ್ನು ಝಾಡಿಸಿ ಮಡಿಸುತ್ತ, ತಲೆಯೆತ್ತದೆ, "ಮತ್ತ ಇನ್ಯಾಕ ಕೂಡ್ಕಳ್ತಾವ್ರಿ?" ಎಂದೆ.

ಅತ್ತೆ "ಹೌದಲ್ಲ" ಎಂದರು. ಟವೆಲ್ಲನ್ನು ಬಟ್ಟೆಗಳ ಮೇಲಿಟ್ಟು ಎದ್ದುಹೋದರು.

ಮಾರನೆಯ ದಿನ ಅವರು ಬಜ್ಜಿ ಅಂಗಡಿಗೆ ಹೋದದ್ದು ನನಗೆ ಬಹಳ ದಿನಗಳ ಮೇಲೆ ಬಜ್ಜಿ ಅಕ್ಕನಿಂದಲೇ ಗೊತ್ತಾಯಿತು. ಒಲೆಯ ಮುಂದೆ ಗಿರಾಕಿಗಳು ನಿಂತಿರುವಾಗಲೇ ಅವಳ ಎಡಗೈ ಹಿಡಿದುಕೊಂಡು ಅತ್ತರಂತೆ. ಅವಳು ನಕ್ಕು, "ಅಯ್ಯ ಬಿಡಮ್ಮಾ, ಏಮಿ ಆತು ಈಗ? ಈ ಕೈ ಹಿಟ್ಟು ಬರಾಬರ್ ಹಿಡೀತೈತಿ" ಎಂದು ಸಮಾಧಾನ ಮಾಡಿ, ಬಿಸಿ ಬಜ್ಜಿ ಕಟ್ಟಿ ಕೊಟ್ಟಿದ್ದಳಂತೆ. ಆ ಸಂಜೆ ಬಜ್ಜಿಯನ್ನು ನಾನೂ ಮಗಳೂ ತಿಂದದ್ದು ನೆನಪಿದೆ. ಅತ್ತೆ ತಿನ್ನಲಿಲ್ಲ. ಹೊಟ್ಟೆ ಸರಿಯಿಲ್ಲ ಎಂದಿದ್ದರು.

ಇದಾಗಿ ಎರಡು ವರ್ಷ ಕಳೆದ ಮೇಲೆ, ಹೋದ ಚಳಿಗಾಲ. ಅತ್ತೆಗೆ ಸಕ್ಕರೆ ಕಾಯಿಲೆ ಮೊದಲಿಂದ ಇತ್ತು, ಅಂಗಾಲು ಜೋಮು ಹಿಡಿದಂತಿರುತ್ತದೆ ಎನ್ನುತ್ತಿದ್ದರು. ಮೊಣಕಾಲು ನೋವಿಗೆ ಬಿಸಿನೀರಿಗೆ ಉಪ್ಪು ಹಾಕಿ ಟಬ್ಬಿನಲ್ಲಿ ಕಾಲಿಟ್ಟು ಕೂರುವ ಅಭ್ಯಾಸ. ಒಂದು ದಿನ ನೀರು ಎಷ್ಟು ಕಾದಿದೆ ಎಂದು ಕಾಲಿಗೆ ಗೊತ್ತೇ ಆಗಿಲ್ಲ, ಪಾದ ಸುಟ್ಟಿತು. ಯಾರಿಗೂ ಹೇಳಲಿಲ್ಲ. ಸೀರೆಯನ್ನು ಒಂದಿಷ್ಟು ಕೆಳಗಿಳಿಸಿ ಉಟ್ಟರು. ಹಿಮ್ಮಡಿ ಊರಿ ನಿಧಾನ ನಡೆಯುವುದನ್ನು ನಾನು ನೋಡಿದೆ. ನೋಡಿ ಏನು ಮಾಡಿದೆ? "ಏನ್ರಿ ಅತ್ತಿ, ಹೊಸ ಮದುಮಗಳಂಗ ನಡೀತೀರಲ್ಲ!" ಎಂದು ಛೇಡಿಸಿದೆ. "ಮೊಣಕಾಲು ಕಣವಾ" ಎಂದು ಅವರೂ ನಕ್ಕರು. ದಿನವೂ ಹಿತ್ತಲ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಒಂದು ಚೊಂಬು ನೀರು ಹಿಡಿದು ಹೋಗುತ್ತಿದ್ದರು. ಪೂಜೆಗೆ ಕಾಲು ತೊಳೆಯಲು ಎಂದು ತಿಳಿದೆ.

ಮಗಳ ಹುಟ್ಟುಹಬ್ಬದ ಬೆಳಿಗ್ಗೆ ಹೊಸ ಬಟ್ಟೆ ಹಾಕಿಕೊಂಡ ಅವಳು ಅಜ್ಜಿಯ ಕಾಲಿಗೆ ಬಿದ್ದಳು. ಬಿದ್ದವಳು ಮೂಗು ಮುಚ್ಚಿಕೊಂಡು ಎದ್ದು, "ಅವ್ವಾ, ಅಜ್ಜಿ ಕಾಲು ವಾಸನಿ ಬರ್ತೈತಿ" ಎಂದಳು.

ಅತ್ತೆ ಕಾಲು ಹಿಂದಕ್ಕೆಳೆದುಕೊಂಡರು. ನಾನು ಬಗ್ಗಿ ಸೀರೆಯ ಅಂಚು ಎತ್ತಿದೆ. ಹೇಗೆ ಹೇಳಲಿ, ಬೆರಳುಗಳು ಕಪ್ಪಿಟ್ಟಿದ್ದವು. ಪಾದ ಬಾತುಕೊಂಡು ಹೊಳೆಯುತ್ತಿತ್ತು. 

"ಅತ್ತಿ! ಇದು ಯಾವಾಗಿಂದ್ರಿ?"

"ಸಂಕ್ರಾಂತಿಕಿಂತ ಮುಂಚಿ."

"ಏನ್ರಿ ಇದು, ಯಾಕ ಹೇಳ್ಲಿಲ್ಲ ನನಗ?"

ತಪ್ಪು ಮಾಡಿ ಸಿಕ್ಕಿಬಿದ್ದ ಮಗುವಿನ ಹಾಗೆ ನನ್ನ ಮುಖ ನೋಡಿದರು. "ಏನ್ ಹಚ್ಚೀರಿ ಅಂತ ನೀ ಬೈತಿದ್ದಿ ಅಂತ ಹೇಳ್ಲಿಲ್ಲವ. ನಾ ಏನೂ ಹಚ್ಚಿಲ್ಲ. ದೇವ್ರಾಣಿ ಏನೂ ಹಚ್ಚಿಲ್ಲ. ಸುಣ್ಣ ಮುಟ್ಟಿಲ್ಲ, ಹತ್ತಿ ಮುಟ್ಟಿಲ್ಲ. ದಿನಾ ನೀರು ಹಾಕೀನಿ ನೋಡು, ನೀ ಹೇಳ್ದಂಗ."

ಆದೋನಿಯ ಆಸ್ಪತ್ರೆಯಲ್ಲಿ ನೋಡಿದವರೇ ಕರ್ನೂಲಿಗೆ ಒಯ್ಯಿರಿ ಎಂದರು. ಅಲ್ಲಿನ ವಾರ್ಡಿನ ನರ್ಸಮ್ಮ ಪಾದ ನೋಡಿದ್ದೇ ನಮ್ಮೆಲ್ಲರ ಮೇಲೆ ರೇಗಿದಳು. ಹಳ್ಳಿ ಮಂದಿಯೆಲ್ಲ ಅರಿಶಿನ, ಸುಣ್ಣ, ಪೇಸ್ಟು ಬಳಿದು ಕೊಳೆಸಿಕೊಂಡು ಬರುವುದನ್ನು ನೋಡಿ ನೋಡಿ ಅವಳಿಗೆ ಸಾಕಾಗಿರಬೇಕು. "ಇಂಟ್ಲೋ ಏಂ ಪೂಸಿನಾರು? ಪಸುಪಾ? ಸುನ್ನಮಾ?" ಮನೆಯಲ್ಲಿ ಏನು ಬಳಿದಿರಿ, ಅರಿಶಿನವೋ ಸುಣ್ಣವೋ ಎಂದು ಕೇಳಿದಳು. ಅತ್ತೆ ಮಲಗಿದ್ದಲ್ಲಿಂದಲೇ ತಲೆಯೆತ್ತಿ, ಅಷ್ಟು ಜ್ವರದಲ್ಲೂ ಹೆಮ್ಮೆಯಿಂದ, ಏನೂ ಬಳಿದಿಲ್ಲ, ಬರೀ ನೀರು, ನಮ್ಮ ಸೊಸೆ ಹೇಳಿದ್ದಾಳೆ ಎಂದು ತೆಲುಗಿನಲ್ಲಿ ಹೇಳಿದರು. "ಏಮೀ ಪೂಯಲೇದಮ್ಮಾ. ನೀಳ್ಳೇ. ಮಾ ಕೋಡಲು ಚೆಪ್ಪಿಂದಿ." ನರ್ಸಮ್ಮ ನನ್ನ ಕಡೆ ತಿರುಗಿ ಒಂದು ಕ್ಷಣ ನೋಡಿದಳು. ಮತ್ತೆ ಪಾದದ ಕಡೆ ಬಗ್ಗಿದಳು. ಬೈದಿದ್ದರೆ ನನಗೆ ಉಸಿರಾಡಲು ಆಗುತ್ತಿತ್ತು.

ಡಾಕ್ಟರು ನಮ್ಮ ಮನೆಯವರನ್ನು ಕರೆದು ಹೇಳಿದರು. ಸಕ್ಕರೆ ಇರುವವರ ಪಾದದ ಗಾಯ, ಮೊದಲ ದಿನವೇ ತೋರಿಸಬೇಕಾಗಿತ್ತು, ಈಗ ವಿಷ ಮೇಲಕ್ಕೇರಿದೆ, ಕಾಲು ತೆಗೆಯದೆ ದಾರಿಯಿಲ್ಲ, ತೆಗೆದರೂ ಮಾತು ಕೊಡಲಾಗದು ಎಂದರು. ಸುಟ್ಟ ಕೂಡಲೇ ಸುರಿಯುವ ನೀರು ಮದ್ದು. ಆಮೇಲೆ ದಿನ ದಿನ ಸುರಿಯುವ ನೀರಿನಿಂದ ಏನೂ ಉಪಯೋಗವಿಲ್ಲ. ಇದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಕೇಳಿದ್ದರೆ ಹೇಳುತ್ತಿದ್ದೆ. ಆದರೆ ನನ್ನನ್ನು ಕೇಳುವುದಕ್ಕೆ ಅವರಿಗೆ ಭಯವಾಗುವ ಹಾಗೆ ಮಾಡಿದವಳೂ ನಾನೇ.

ಆಪರೇಷನ್ನಿಗೆ ಒಯ್ಯುವ ಮುಂಚೆ ನಾವು ಮೂವರೂ ಮಂಚದ ಸುತ್ತ ನಿಂತಿದ್ದೆವು, ನಾನು, ನಮ್ಮ ಮನೆಯವರು, ನಾದಿನಿ. ನಮ್ಮ ಮನೆಯವರಿಗೆ ತಡೆಯಲಾಗಲಿಲ್ಲ. "ಅವ್ವಾ, ಬರೀ ನೀರು ಹಾಕ್ಕೊಂತ ಕುಂದ್ರು ಅಂತ ಯಾರು ಹೇಳಿದ್ರು ನಿನಗ?" ಎಂದು ಅತ್ತರು.

ಅತ್ತೆ ನನ್ನನ್ನು ನೋಡಿದರು. ಆ ನೋಟದಲ್ಲಿ ದೂರು ಹುಡುಕಿದೆ, ಇರಲಿಲ್ಲ. ಮಗನ ಕಡೆ ತಿರುಗಿ ಹೇಳಿದರು. "ಆಕಿಗೇನು ಅನಬ್ಯಾಡಪಾ. ಆಕಿ ಬರಾಬರ್ ಹೇಳಿದ್ಲು, ಇಪ್ಪತ್ತು ನಿಮಿಷ ಹಾಕ್ರಿ ಅಂತ. ನಾನಽ ನಳ ಬರಲ್ಲ ಅಂತ ನೀರು ಉಳಿಸಾಕ ಹೋಗಿ ಒಂದು ಚೊಂಬಿನಾಗ ಮುಗಿಸ್ತಿದ್ದೆ. ನೀರು ಕಡಿಮಿ ಆತು. ಹೌದಲ್ಲೇನವಾ?"

ಮೂರು ಜನರ ಕಣ್ಣು ನನ್ನ ಮೇಲೆ. ಅಲ್ಲ ಅತ್ತಿ, ನೀರಿನ ಮಾತಲ್ಲ ಅದು, ನಾ ನಿಮಗ ಕಲಿಸಲಿಲ್ಲ, ಬರೀ ಬೈದೆ, ತಪ್ಪು ನಂದು ಎಂದು ಹೇಳಬೇಕಾಗಿದ್ದ ಹೊತ್ತು ಅದು.  ನಾದಿನಿಯ ಮುಖ ನೋಡಿದೆ, ಯುಗಾದಿಯ ದಿನ ನನ್ನ ಚೀರಾಟಕ್ಕೆ ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದವಳು ಅವಳೇ; ಅವಳೆದುರು ಸೋಲಲು ಮನಸ್ಸು ಬರಲಿಲ್ಲ.

"ಹೌದ್ರಿ ಅತ್ತಿ" ಎಂದೆ. "ಕಡಿಮಿ ಆತು."

"ನೋಡ್ದಿ?" ಎಂದರು ಮಗನಿಗೆ. ಅವರ ಮುಖಕ್ಕೆ ಒಂದು ನೆಮ್ಮದಿ ಬಂತು. ಸೊಸೆಯನ್ನು ಉಳಿಸಿದ ನೆಮ್ಮದಿ ಇರಬೇಕು. ಸ್ಟ್ರೆಚರ್ ಬಂತು, ಒಯ್ದರು. ಕಾಲು ತೆಗೆದರು. ಆದರೆ ಅವರಿಗೆ ಮತ್ತೆ ಸರಿಯಾಗಿ ಎಚ್ಚರ ಬರಲಿಲ್ಲ. ಅದೇ ವಾರ ಹೋಗಿಬಿಟ್ಟರು. ಲಿಂಗ ಕೈಯಲ್ಲಿ ಇರಿಸಿ, ಕೂರಿಸಿ ಮಣ್ಣು ಮಾಡುವಾಗ ಓಣಿಯ ಮಂದಿಯೆಲ್ಲ ಬಂದಿದ್ದರು. ಬಂದವರಲ್ಲಿ ಎಷ್ಟೋ ಜನರ ಕೈಕಾಲಿನ ಮೇಲೆ ಅವರು ಮದ್ದು ಹಚ್ಚಿದ ಕಲೆಗಳಿದ್ದವು. ಆ ಕಲೆಗಳನ್ನು ನೋಡುತ್ತ ನಾನು ಮೊದಲ ಸಲ ಯೋಚಿಸಿದೆ, ಇವರೆಲ್ಲ ಕಲೆ ಇಟ್ಟುಕೊಂಡೇ ಅಳುತ್ತಿದ್ದಾರೆ. ನನ್ನ ಸರಿಯಾದ ಮದ್ದಿನಿಂದ ವಾಸಿಯಾದವರು ನನಗಾಗಿ ಹೀಗೆ ಅಳುವರೇ?

ನಾನು ಆಡಿದ ಆ ಒಂದು ಮಾತು ಮಾತ್ರ ಆಸ್ಪತ್ರೆಯಲ್ಲೇ ಉಳಿಯಲಿಲ್ಲ. ನಾದಿನಿ ಮಾತನಾಡಿಸಲು ಬಂದವರಿಗೆಲ್ಲ, "ನಮ್ಮವ್ವ ನೀರು ಉಳಿಸಾಕ ಹೋಗಿ ಜೀವ ಕಳ್ಕಂಡ್ಲು" ಎಂದು ಹೇಳಿ ಅತ್ತಳು. ಬಂದವರು ತಂತಮ್ಮ ಮನೆಗೆ ಒಯ್ದರು. ಈಗ ನಮ್ಮ ಓಣಿಯಲ್ಲಿ ಹೊಸ ಮನೆಮದ್ದು ಹುಟ್ಟಿದೆ. ಸುಟ್ಟರೆ ದಿನವೂ ಕೊಡಗಟ್ಟಲೆ ನೀರು ಸುರಿಯಬೇಕು, ಒಂದು ದಿನ ಕಮ್ಮಿಯಾದರೂ ವಿಷವೇರುತ್ತದೆಯಂತೆ. ಅದನ್ನು ಹುಟ್ಟಿಸಿದವಳು ನಾನು, ಮನೆಮದ್ದು ಕಂಡರೆ ಮೂಗು ಮುರಿಯುವವಳು. ಅತ್ತೆಯ ಸುಣ್ಣವನ್ನು ಒಂದು ಚೀರಾಟದಲ್ಲಿ ನಿಲ್ಲಿಸಿದೆ. ಇದನ್ನು ಯಾವ ಬಾಯಿಯಿಂದ ನಿಲ್ಲಿಸಲಿ? ಸುಳ್ಳು ಎನ್ನಬೇಕಾದರೆ ಕರ್ನೂಲಿನ ಮಂಚದ ಪಕ್ಕ ನಾನು ಆಡಿದ್ದು ಸುಳ್ಳು ಎಂದು ಮೊದಲು ಹೇಳಬೇಕು.

ಮೊನ್ನೆ ಬಜ್ಜಿ ಅಂಗಡಿಗೆ ಹೋಗಿದ್ದೆ. ಅಕ್ಕನ ಬಲ ಮುಂಗೈಗೆ ಒದ್ದೆ ಬಟ್ಟೆ ಸುತ್ತಿತ್ತು. ಅವಳಿಗೂ ಈಚೆಗೆ ಸಕ್ಕರೆ ಬಂದಿದೆ. ಬಟ್ಟೆ ಬಿಚ್ಚಿ ನೋಡಿದರೆ ಎಣ್ಣೆ ಬಿದ್ದ ಗಾಯ, ಸುತ್ತ ಕೆಂಪು ಏರಿದೆ.

"ಯಾವಾಗ ಆತಕ್ಕ?"

"ಸೋಮಾರ. ಭಯ ಬೀಳಬ್ಯಾಡಮ್ಮ, ದಿನಾ ಎರಡು ಕೊಡ ನೀರು ಸುರುವ್ತೀನಿ. ಏನೂ ಪೂಯಲೇದು, ಏನೂ ಹಚ್ಚಿಲ್ಲ. ಪಾಪ, ನಿಮ್ಮತ್ತಿ ಮಾಡಿದ ತಪ್ಪು ನಾ ಮಾಡಲ್ಲ."

ನಾನೇ ಒಲೆ ಆರಿಸಿದೆ. ಬಾಣಲೆಯಲ್ಲಿ ಅರ್ಧ ಬೆಂದ ಬಜ್ಜಿ ತೇಲುತ್ತಿದ್ದವು, ಅವಳು ಅಯ್ಯಯ್ಯೋ ಎಂದಳು. ಕೈಹಿಡಿದು ಎಳೆದು ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಯ ಕಡೆ ನಡೆಸೆಂದೆ. ದಾರಿಯಲ್ಲಿ, ಆಟೋದ ಸದ್ದಿನಲ್ಲಿ, ಗಟ್ಟಿಯಾಗಿ ಹೇಳಿದೆ.

"ನಮ್ಮತ್ತಿ ಏನೂ ತಪ್ಪು ಮಾಡ್ಲಿಲ್ಲಕ್ಕ. ನೀರು ಕಡಿಮಿ ಆಗಿದ್ದಕ್ಕ ಸತ್ತಿದ್ದಲ್ಲ ಅವ್ರು. ಡಾಕ್ಟ್ರಿಗೆ ತೋರಿಸ್ಬೇಕು ಅಂತ ನಾನಽ ಹೇಳಿರಲಿಲ್ಲ. ನನ್ನ ಬೈಗುಳಕ್ಕ ಅಂಜಿ ಅವ್ರು ಮುಚ್ಚಿಟ್ರು. ಕಡಿಮಿ ಆತು ಅಂತ ನಾ ಸುಳ್ಳು ಹೇಳಿದೆ."

ಬಜ್ಜಿ ಅಕ್ಕ ಮುಂಗೈಯ ಒದ್ದೆ ಬಟ್ಟೆಯನ್ನು ಮತ್ತೆ ಸುತ್ತಿಕೊಂಡಳು. ಅವಳು ನನ್ನನ್ನು ಬೈಯಬಹುದಿತ್ತು. ಹೋಗಲಿ ಬಿಡಮ್ಮಾ ಎಂದು ಸಮಾಧಾನ ಹೇಳಬಹುದಿತ್ತು, ಅವಳ ಗುಣವೇ ಅದು. ಎರಡೂ ಮಾಡದೆ ನನ್ನ ಕಡೆ ತಿರುಗಿ ಕೇಳಿದಳು.

"ಇದನ್ನ ನಿಮ್ಮತ್ತಿಗೆ, ಆಯಮ್ಮ ಬದುಕಿದ್ದಾಗ ಹೇಳಿದ್ರೇನು?"

"ಇಲ್ಲಕ್ಕ" ಎಂದೆ.